ಹಿಮ ಕಾಣದವರು ಕಾಸಿದ ಎಣ್ಣೆ

ಹುಣಸೂರಿನ ಒಂದು ಹಳೆಯ ತಂಬಾಕಿನ ಗೋದಾಮಿನಲ್ಲಿ ಕೂತು, ಹಿಮ ಬೀಳುವ ಬೆಟ್ಟಗಳಲ್ಲಿ ಓಡಾಡುವ ಮಿಲಿಟರಿ ಲಾರಿಗಳಿಗೆ ಎಂಜಿನ್ ಎಣ್ಣೆ ತಯಾರಿಸಿದವರಲ್ಲಿ ನಾನೂ ಒಬ್ಬ. ಆ ಗೋದಾಮಿನಲ್ಲಿ ಕೆಲಸ ಶುರುಮಾಡಿದ ಯಾರೊಬ್ಬರೂ ಹಿಮವನ್ನು ಕಣ್ಣಿನಿಂದ ಕಂಡಿರಲಿಲ್ಲ. ನಮ್ಮ ಸೂಪರಿಂಟೆಂಡೆಂಟರು ಮಾತ್ರ ಒಮ್ಮೆ ಊಟಿಗೆ ಹೋಗಿ ಬಂದಿದ್ದರು. ಆ ಒಂದು ಅರ್ಹತೆಯ ಬಲದ ಮೇಲೆ ಚಳಿಯ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತಾಗಿತ್ತು.

ರಸಾಯನಶಾಸ್ತ್ರ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ಈಗಲೂ ನನ್ನನ್ನು ನೋಡಲು ಬರುತ್ತಾರೆ. ಯಾವಾಗ ಯಾವ ಹುದ್ದೆಗೆ ಏರಿದಿರಿ ಎಂದು ಕೇಳುತ್ತಾರೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಮೇಲಿನವರು ನಿವೃತ್ತರಾದಾಗಲೆಲ್ಲ ನಾನು ಒಂದು ಕುರ್ಚಿ ಮುಂದಕ್ಕೆ ಸರಿದೆ, ಅಷ್ಟೆ. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದರೆ ಹುಣಸೂರಿನ ಕಥೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಹಡಗಿನಲ್ಲಿ ಬರಬೇಕಾದ ಎಣ್ಣೆ ನೆಟ್ಟಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಸಿಗುವ ಹರಳೆಣ್ಣೆಯಿಂದ ಲಾರಿಯ ಎಂಜಿನ್ನಿಗೆ ಏನಾದರೂ ಮಾಡಬಹುದೇ, ಅದೂ ವಾಯವ್ಯ ಗಡಿಯ ಚಳಿಯಲ್ಲಿ ಗಟ್ಟಿಯಾಗದಂಥದ್ದು, ಎಂದು ಮೇಲಿನಿಂದ ಕೇಳಿಕೆ ಬಂತು. ಬಿಸಿಯಾದ ಎಂಜಿನ್ನಿನಲ್ಲಿ ಹರಳೆಣ್ಣೆಗೆ ಸಾಟಿಯಿಲ್ಲ. ಆದರೆ ಚಳಿ ತಗುಲಿದರೆ ಅದು ಮಂದವಾಗುತ್ತ ಹೋಗಿ, ಕೊನೆಗೆ ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ. ಎಂಜಿನ್ನಿನ ತಳದ ತೊಟ್ಟಿಯಲ್ಲಿ ಎಣ್ಣೆ ಹಾಗೆ ಕೂತುಬಿಟ್ಟರೆ, ಲಾರಿಯ ಮೂತಿಗೆ ಹ್ಯಾಂಡಲ್ ಹಾಕಿ ಯಾವ ಪೈಲ್ವಾನನೂ ತಿರುಗಿಸಲಾರ.

ಇದಕ್ಕೆ ಹುಣಸೂರೇ ಏಕೆ ಎಂದರೆ, ಸುತ್ತಲೂ ಹರಳು ಬೆಳೆಯುತ್ತಾರೆ, ಜಪಾನಿನ ವಿಮಾನಗಳ ಕಣ್ಣಿಗೂ ಬೀಳದ ಊರು ಎಂದು ಕಾರಣ ಕೊಟ್ಟಿದ್ದರು. ಅಸಲಿ ಕಾರಣವೆಂದರೆ ಸೂಪರಿಂಟೆಂಡೆಂಟ್ ಶ್ರೀಕಂಠರಾಯರ ಮಾವನವರ ಮನೆ ಕೃಷ್ಣರಾಜನಗರದಲ್ಲಿತ್ತು. ಶನಿವಾರ ಮಧ್ಯಾಹ್ನ ಹೊರಟರೆ ಸಂಜೆಯ ಕಾಫಿಗೆ ಅಲ್ಲಿರಬಹುದಾಗಿತ್ತು. ನಾನು ಸಾಲಿಗ್ರಾಮದವನು, ಆಗಷ್ಟೇ ಮೈಸೂರಿನಲ್ಲಿ ಪದವಿ ಮುಗಿಸಿದ್ದೆ. ಹೆಸರು ನಂಜುಂಡಯ್ಯ. ಆ ಗೋದಾಮಿನಲ್ಲಿದ್ದ ಏಕೈಕ ರಸಾಯನ ತಜ್ಞ.

ರಾಯರು ಕೆಟ್ಟವರಲ್ಲ. ಜರಿಪೇಟ, ಮುಚ್ಚು ಕೊರಳಿನ ಕೋಟು, ಬಾಯಲ್ಲಿ ಸದಾ ಒಂದು ಲವಂಗ. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು.

“ಎಣ್ಣೆ ಅಂದ್ರೆ ಅದಕ್ಕೆ ಮೈ ಇರ್ಬೇಕು ಕಣ್ರೀ. ನೀರಿನ ಹಾಗೆ ಹರಿದ್ರೆ ಅದನ್ನ ಎಣ್ಣೆ ಅಂತಾರೇನ್ರೀ?”

ಮೊದಲ ಪರೀಕ್ಷೆ ನಡೆದದ್ದು ಧನುರ್ಮಾಸದ ಒಂದು ಬೆಳಗ್ಗೆ. ಹರಳೆಣ್ಣೆಯ ಸೀಸೆಯನ್ನು ರಾತ್ರಿಯೆಲ್ಲ ಅಂಗಳದಲ್ಲಿ ಇಡಿಸಿದ್ದರು. ರಾಯರು ಕೋಟಿನ ಮೇಲೆ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಉಣ್ಣೆಯ ಕುಲಾವಿ ಧರಿಸಿ ಬಂದು ಸೀಸೆಯನ್ನು ಬಗ್ಗಿಸಿದರು. ಎಣ್ಣೆ ಹರಿಯಿತು.

“ಪಾಸ್! ಬರ್ಕೊಳ್ರೀ, ತೀವ್ರ ಚಳಿಯಲ್ಲಿ ಯಶಸ್ವಿ.”

“ಸರ್, ನಾನು ಬರೀ ಷರಟಿನಲ್ಲಿದ್ದೀನಿ,” ಎಂದೆ.

“ನಿಮ್ಮದು ಹರೆಯದ ರಕ್ತ. ನನಗೆ ಹಲ್ಲು ಕಟಕಟ ಅಂತಿದೆ. ಮಿಲಿಟರಿಯವರಿಗೆ ಇನ್ನೆಷ್ಟು ಚಳಿ ಬೇಕಂತೆ?”

ಚಳಿಯನ್ನು ಹಲ್ಲಿನಿಂದ ಅಳೆಯುವುದು ಬೇಡ, ಒಂದು ಥರ್ಮಾಮೀಟರ್ ಬೇಕು ಎಂದು ನಾನು ಬೇಡಿಕೊಂಡೆ. ಬಹಳ ದಿನದ ಮೇಲೆ ಮರದ ಪೆಟ್ಟಿಗೆಯೊಂದು ಬಂತು. ಬಿಚ್ಚಿದರೆ ಹತ್ತಿಯಲ್ಲಿ ಸುತ್ತಿದ, ಡಾಕ್ಟರು ನಾಲಗೆಯ ಕೆಳಗೆ ಇಡುವ ಜ್ವರದ ಕಡ್ಡಿ. ಜ್ವರವಿಲ್ಲದ ಯಾವುದನ್ನೂ ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕೆಲವು ತಿಂಗಳು ನಮ್ಮ ವರದಿಗಳಲ್ಲೆಲ್ಲ ‘ಎಣ್ಣೆಗೆ ಜ್ವರವಿಲ್ಲ’ ಎಂಬುದರಾಚೆಗೆ ಹೆಚ್ಚಿನ ಮಾಹಿತಿ ಇರಲಿಲ್ಲ. ಕೊನೆಗೆ ನನ್ನ ಮೇಷ್ಟ್ರೊಬ್ಬರ ಕಾಲು ಹಿಡಿದು ಕಾಲೇಜಿನಿಂದ ಸರಿಯಾದ ಥರ್ಮಾಮೀಟರ್ ಎರವಲು ತಂದೆ.

ಅಳೆಯಲು ಸಾಧನವೇನೋ ಬಂತು. ಅಳೆಯಲು ಚಳಿ ಬೇಕಲ್ಲ! ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಾಗುತ್ತದೆ ಎಂಬುದು ಶಾಲೆಯ ಪಾಠ. ಉಪ್ಪು ಅಂಗಡಿಯಲ್ಲಿತ್ತು. ಮಂಜುಗಡ್ಡೆ ಮಾತ್ರ ಮೈಸೂರಿನಿಂದಲೇ ಬರಬೇಕಿತ್ತು. ಬತ್ತದ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಅದನ್ನು ಸುತ್ತಿ ಬಸ್ಸಿನಲ್ಲಿ ಹಾಕಿ ಕಳಿಸುತ್ತಿದ್ದರು. ಪೆಟ್ರೋಲಿಗೆ ರೇಷನ್ನು ಇದ್ದದ್ದರಿಂದ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ದಿಣ್ಣೆ ಬಂದಾಗಲೆಲ್ಲ ಗಂಡಸರು ಇಳಿದು ನೂಕುತ್ತಿದ್ದರು. ಬಿಸಿಲಲ್ಲಿ ನೂಕಿ ಬಂದವರು ತಣ್ಣಗಿದೆಯೆಂದು ನಮ್ಮ ಮೂಟೆಯ ಮೇಲೇ ಕೂರುತ್ತಿದ್ದರು. ಬಿಳಿಕೆರೆಯಲ್ಲಿ ಒಬ್ಬ ಅಜ್ಜಿ ಹಲ್ಲುನೋವೆಂದು ಒಂದು ಚೂರು ಒಡೆದುಕೊಂಡಳಂತೆ. ಅವಳನ್ನು ನೋಡಿ ಬಸ್ಸಿನಲ್ಲಿದ್ದವರಿಗೆಲ್ಲ ಹಲ್ಲುನೋವು ಬಂತಂತೆ. ಹುಣಸೂರಿಗೆ ಇಳಿದದ್ದು ಒದ್ದೆ ಹೊಟ್ಟು.

ಮುಂದಿನ ಸಲ ಮೂಟೆಯ ಮೇಲೆ ‘ಮಿಲಿಟರಿ ಸಾಮಾನು, ಮುಟ್ಟಿದರೆ ಅಪಾಯ’ ಎಂದು ಬರೆಸಿದೆ. ಬಿಳಿಕೆರೆ ಬರುವಷ್ಟರಲ್ಲಿ ಮೂಟೆಯಿಂದ ನೀರು ತೊಟ್ಟಿಕ್ಕುವುದನ್ನು ಕಂಡ ಕಂಡಕ್ಟರು, ಬಾಂಬು ಸೋರುತ್ತಿದೆಯೆಂದು ಅದನ್ನು ಎತ್ತಿ ಕೆರೆಗೆ ಹಾಕಿಸಿದ. ಆಮೇಲೆ ಮೂಟೆಯ ಜೊತೆಗೆ ನಾನೇ ಬಸ್ಸಿನಲ್ಲಿ ಬರತೊಡಗಿದೆ. ಎಣ್ಣೆ ತುಂಬಿದ ಗಾಜಿನ ನಳಿಕೆಯನ್ನು ಮಂಜುಗಡ್ಡೆ ಉಪ್ಪಿನ ಬಕೆಟ್ಟಿನಲ್ಲಿ ಹೂತು, ಆಗಾಗ ಹೊರಗೆಳೆದು ಬಗ್ಗಿಸಿ ಎಣ್ಣೆ ಅಲ್ಲಾಡುತ್ತದೆಯೋ ಇಲ್ಲವೋ ಎಂದು ನೋಡುವುದು, ಇದು ನಮ್ಮ ಹೊಸ ವಿಧಾನ. ರಾಯರು ಪಾಸು ಮಾಡಿದ್ದ ಎಣ್ಣೆ ಅಲ್ಲಾಡಲಿಲ್ಲ. ನಳಿಕೆಯನ್ನು ತಲೆಕೆಳಗು ಮಾಡಿ ತೋರಿಸಿದೆ. ರಾಯರು ಅದನ್ನು ಬಹಳ ಹೊತ್ತು ನೋಡಿ, “ನಳಿಕೆ ಚಿಕ್ಕದಾಯ್ತು ಕಣ್ರೀ, ಅದಕ್ಕೆ ಉಸಿರು ಕಟ್ಟಿದೆ,” ಎಂದರು.

ನಳಿಕೆ ಸಾಲದು, ಎಂಜಿನ್ನೇ ಬೇಕು ಎಂದಾಯಿತು. ಮಿಲಿಟರಿಯವರು ಒಂದು ಹಳೆಯ ಲಾರಿ ಎಂಜಿನ್ ಕಳಿಸಿಕೊಟ್ಟರು. ಅದನ್ನು ನೋಡಿಕೊಳ್ಳಲು ಬಂದವರು ಖಾದರ್ ಸಾಹೇಬರು. ಹುಣಸೂರಿನ ಪೇಟೆಯಲ್ಲಿ ಅವರದು ರಿಪೇರಿ ಅಂಗಡಿ. ಗ್ರಾಮಫೋನು, ಹೊಲಿಗೆ ಯಂತ್ರ, ಬಸ್ಸು, ಯಾವುದು ಬಂದರೂ ಇಲ್ಲವೆನ್ನುತ್ತಿರಲಿಲ್ಲ. ತಮ್ಮಿಂದ ಆಗದ ಕೆಲಸವೊಂದು ಲೋಕದಲ್ಲಿದೆ ಎಂದು ಅವರಿಗೆ ಯಾರೂ ಹೇಳಿದ ಹಾಗಿರಲಿಲ್ಲ. ನೆಲದಲ್ಲಿ ಗುಂಡಿ ತೋಡಿ, ಸುತ್ತ ಹೊಟ್ಟು ತುಂಬಿ, ಅದರೊಳಗೆ ಎಂಜಿನ್ ಇಟ್ಟು, ತೊಟ್ಟಿಯ ಸುತ್ತ ಮಂಜುಗಡ್ಡೆ ಉಪ್ಪು ಒತ್ತುವ ಏರ್ಪಾಡು ಅವರದೇ. ಅದು ಚೆನ್ನಾಗಿಯೇ ಇತ್ತು. ಅವರ ಎಣ್ಣೆಯ ಸಲಹೆ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ.

“ಅರೆ ಸ್ವಾಮಿ, ಇದಕ್ಕೆ ಇಷ್ಟೆಲ್ಲಾ ಕಾಲೇಜು ಯಾಕೆ? ಅರ್ಧಕ್ಕರ್ಧ ಸೀಮೆಎಣ್ಣೆ ಹುಯ್ಯಿರಿ. ಎಂಥಾ ಚಳಿ ಇದ್ರೂ ಕುದ್ರೆ ಥರಾ ಎದ್ದು ನಿಲ್ತದೆ.”

ಹುಯ್ದೆವು. ಗುಂಡಿಯಲ್ಲಿ ತಣ್ಣಗೆ ಕೂತಿದ್ದ ಎಂಜಿನ್ ಒಂದೇ ಏಟಿಗೆ ಶುರುವಾಯಿತು. ರಾಯರು ಕೈ ತಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ನಿನ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಸದ್ದು ಬಂತು, ಆಮೇಲೆ ಬಾಗಿಲು ಒಡೆದ ಸದ್ದು. ನೀರಿನಂತಾದ ಎಣ್ಣೆ ನಿಲ್ಲದೆ ಬೇರಿಂಗುಗಳು ಕರಗಿ ಹೋಗಿದ್ದವು. ಖಾದರ್ ಸಾಹೇಬರು ಒಂದು ತಿಂಗಳು ಆ ಎಂಜಿನ್ನನ್ನು ಬಿಚ್ಚಿ ಜೋಡಿಸಿದರು. ತಪ್ಪು ಅದನ್ನು ತಯಾರಿಸಿದ ಕಂಪನಿಯದು ಎಂದು ಕೊನೆಯವರೆಗೂ ವಾದಿಸಿದರು.

ಈ ಹೊತ್ತಿಗೆ ಮೇಲಿನವರಿಗೆ ನಮ್ಮ ಮೇಲೆ ಸಂಶಯ ಬಂದಿರಬೇಕು. ನಿಜವಾದ ಚಳಿಯಲ್ಲಿ ಲಾರಿ ಓಡಿಸಿದ ಒಬ್ಬನನ್ನು ನಮ್ಮಲ್ಲಿಗೆ ಕಳಿಸಿದರು. ಹಂಪಾಪುರದ ಬಸವೇಗೌಡ. ಒಕ್ಕಲು ಮನೆಯ ಹುಡುಗ, ದಂಡಿಗೆ ಸೇರಿ ಡ್ರೈವರಾಗಿದ್ದವನು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದವು ಹೋಗಿದ್ದರಿಂದ ಸೈನ್ಯ ಅವನನ್ನು ಮನೆಗೆ ಕಳಿಸಿತ್ತು. ಚಳಿಯಲ್ಲಿ ಬೆರಳು ಸತ್ತು ಬಿದ್ದುಹೋದವು ಎಂದು ಬಂದ ದಿನವೇ ಹೇಳಿದ.

ಅವನ ಬಾಯಿಗೆ ಬೀಗವೇ ಇರಲಿಲ್ಲ.

“ಅಲ್ಲಿ ಉಗುದ್ರೆ ಬುದ್ಧಿ, ಎಂಜ್ಲು ನೆಲಕ್ಕೆ ಬೀಳೋದ್ರೊಳ್ಗೆ ಗೋಲಿ ಆಯ್ತದೆ. ಕೋಳಿಮೊಟ್ಟೆ ಒಡ್ಯಕೆ ಸುತ್ಗೆ ಬೇಕು. ನಮ್ ಸುಬೇದಾರ್ರು ಒಂದಿನ ಬೈದ್ರು. ಬೈಗ್ಳ ಅಲ್ಲೇ ಗಾಳೀಲಿ ಎಪ್ಪುಗಟ್ಟಿ, ಬ್ಯಾಸ್ಗೇಲಿ ಕೇಳುಸ್ತು ಕಣ್ ಬುದ್ಧಿ!”

ರಾಯರು ಇದನ್ನೆಲ್ಲ ನಂಬಿದರು. ನಾನು ಒಂದನ್ನೂ ನಂಬಲಿಲ್ಲ. ಮೊಟ್ಟೆಯ ಮಾತು ನಿಜವೆಂದು ಬಹಳ ಕಾಲದ ಮೇಲೆ ತಿಳಿಯಿತು. ಹೀಗೆ ನಾವಿಬ್ಬರೂ ಅವನಿಂದ ಕಲಿಯಬೇಕಾದದ್ದನ್ನು ಕಲಿಯಲಿಲ್ಲ.

ಒಂದು ಮಧ್ಯಾಹ್ನ ಪರೀಕ್ಷೆ ಮುಗಿದಿತ್ತು. ಹೆಪ್ಪುಗಟ್ಟಿದ ಎಣ್ಣೆ ತೊಟ್ಟಿಯಿಂದ ಇಳಿಯುತ್ತಿರಲಿಲ್ಲ. ಖಾದರ್ ಸಾಹೇಬರಿಗೆ ನಮಾಜಿಗೆ ಹೊತ್ತಾಗಿತ್ತು. ಅವರು ಬೇಗ ಆಗಲೆಂದು ಒಂದು ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹೊತ್ತಿಸಿ ತೊಟ್ಟಿಯ ಕೆಳಗೆ ಹಿಡಿದರು. ಮಾತಾಡುತ್ತ ನಿಂತಿದ್ದ ಬಸವೇಗೌಡ ಅರ್ಧಕ್ಕೇ ನಿಲ್ಲಿಸಿ ಹೊರಗೆ ನಡೆದುಬಿಟ್ಟ. ಸ್ವಲ್ಪ ಹೊತ್ತಾದರೂ ಬರಲಿಲ್ಲವೆಂದು ನಾನು ನೋಡಲು ಹೋದೆ. ಕಾಂಪೌಂಡಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

“ಏನಾಯ್ತಪ್ಪ?”

“ಆ ಸಾಯ್ಬರಿಗೆ ಅಂಗೆ ಮಾಡ್ಬ್ಯಾಡಿ ಅಂತ ಏಳಿ ಬುದ್ಧಿ.”

ಅವನು ನಿಧಾನವಾಗಿ ಹೇಳಿದ. ಬೆಟ್ಟದ ಮೇಲೆ ದಿನಾ ಬೆಳಗ್ಗೆ ಅದೇ ಕೆಲಸವಂತೆ. ತಗಡಿನ ಡಬ್ಬದಲ್ಲಿ ಚಿಂದಿ ಉರಿಸಿ ಲಾರಿಯ ಕೆಳಗೆ ಇಡುವುದು, ಒಬ್ಬ ಮಲಗಿ ಗಾಳಿ ಹಾಕುವುದು, ಇನ್ನೊಬ್ಬ ಹ್ಯಾಂಡಲ್ ತಿರುಗಿಸುವುದು. ಅವನ ಜೊತೆಯವನು ಪಿರಿಯಾಪಟ್ಟಣದ ಕಡೆಯ ಮಾದಯ್ಯ. ಒಂದು ದಿನ ಪೆಟ್ರೋಲಿನ ಕೊಳವೆ ಎಲ್ಲೋ ಬಿರಿದಿತ್ತು.

“ಅವ್ನು ಅಡೀಲಿ ಮನ್ಗಿದ್ದ. ನಾನು ಕಾಲಿಡ್ಕಂಡು ಎಳ್ದೆ. ಬೂಟು ಕೈಗೆ ಬಂತು, ಅವ್ನು ಬರ್ನಿಲ್ಲ. ಆಮೇಕೆ ಕೈ ಆಕ್ದೆ.” ಆ ಎರಡು ಬೆರಳಿನ ಕೈಯನ್ನು ನನ್ನ ಮುಂದೆ ಚಾಚಿದ. “ಇದು ಚಳೀಲಿ ಓಗಿದ್ದಲ್ಲ. ನಮ್ಮವ್ವಂಗೆ ಚಳಿ ಅಂತ ಏಳಿವ್ನಿ. ಬೆಂಕಿ ಅಂದ್ರೆ ಒಲೆ ಮುಂದೆ ಕುಂತಾಗೆಲ್ಲ ಅಳ್ತಾಳೆ ಕಣ್ ಬುದ್ಧಿ.”

ಆಮೇಲೆ ಕಣ್ಣೊರೆಸಿಕೊಂಡು ಎದ್ದು ಬಂದು, ಸುಬೇದಾರರ ಇನ್ನೊಂದು ಕಥೆ ಶುರುಮಾಡಿದ. ಆ ದಿನದವರೆಗೆ ನನಗೆ ಈ ಕೆಲಸ ಸಂಬಳ ಬರುವ ಒಂದು ತಮಾಷೆಯಾಗಿತ್ತು. ಅಂದಿನಿಂದ ಮಂಜುಗಡ್ಡೆಯ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬರತೊಡಗಿದೆ.

ಹರಳೆಣ್ಣೆಯೊಂದನ್ನೇ ಹಾಕಿದರೆ ಚಳಿಗೆ ಹೆಪ್ಪುಗಟ್ಟುತ್ತದೆ. ನೂಲಿನ ಗಿರಣಿಯ ಕದಿರುಗಳಿಗೆ ಹಾಕುವ ತೆಳುವಾದ ಖನಿಜ ಎಣ್ಣೆ ಚಳಿಗೆ ಜಗ್ಗುವುದಿಲ್ಲ, ಆದರೆ ಅದೊಂದನ್ನೇ ಹಾಕಿದರೆ ಎಂಜಿನ್ನನ್ನು ಕಾಯುವುದಿಲ್ಲ. ಎರಡನ್ನೂ ಬೆರೆಸಬೇಕು. ಆದರೆ ಅವು ಬೆರೆಯವು. ಎಷ್ಟು ಕಲಕಿದರೂ, ಎರಡು ಮಠದ ಸ್ವಾಮಿಗಳನ್ನು ಒಂದೇ ಮಂಟಪದಲ್ಲಿ ಕೂರಿಸಿದ ಹಾಗೆ, ಸ್ವಲ್ಪ ಹೊತ್ತಿಗೆ ಒಂದು ಮೇಲೆ ಇನ್ನೊಂದು ಕೆಳಗೆ ಹೋಗಿ ಕೂರುತ್ತಿದ್ದವು. ನಾನು ಹದವಾಗಿ ಬಿಸಿಮಾಡಿ ನೋಡಿದೆ, ಸುಣ್ಣ ಹಾಕಿ ನೋಡಿದೆ, ಸೋಪು ಹಾಕಿ ನೋಡಿದೆ. ಸೋಪಿನಿಂದ ನೊರೆ ಬಂತು.

ರಾಯರ ದಾರಿ ಬೇರೆಯಾಗಿತ್ತು. “ಹರಳೆಣ್ಣೆ ತಂಪು ಪದಾರ್ಥ ಕಣ್ರೀ. ಶೀತ ಪ್ರಕೃತಿಗೆ ಉಷ್ಣ ಬೆರೆಸ್ಬೇಕು. ನಮ್ಮತ್ತೆಯವರು ಬಾಣಂತಿಯರಿಗೆ ಏನು ಕೊಡ್ತಾರೆ?” ಎಂದರು. ಮೆಣಸು, ಶುಂಠಿ, ಓಮ ಕುಟ್ಟಿಸಿ ಹರಳೆಣ್ಣೆಯಲ್ಲಿ ಕುದಿಸಿ ಸೋಸಿದರು. ಘಮ್ಮೆಂದಿತು. ಎಂಜಿನ್ನಿಗೂ ಬಾಣಂತಿಗೂ ಇರುವ ವ್ಯತ್ಯಾಸವನ್ನು ವಿವರಿಸುವ ಧೈರ್ಯ ನನಗೆ ಬರಲಿಲ್ಲ. ಆ ಎಣ್ಣೆಗೆ ‘ಹಿಮಗಿರಿ’ ಎಂದು ಹೆಸರಿಟ್ಟು, ತಗಡಿನ ಡಬ್ಬಗಳಿಗೆ ಬಣ್ಣ ಹಾಕಲು ಮೈಸೂರಿನಿಂದ ಚಿತ್ರಗಾರನನ್ನು ಕರೆಸಿದರು. ಅವನು ಬಿಳಿಯ ಬೆಟ್ಟ ಬರೆದು, ಬೋಳು ಬೋಳಾಗಿ ಕಾಣುತ್ತದೆಂದು ಬುಡದಲ್ಲಿ ಎರಡು ತೆಂಗಿನ ಮರ ಬರೆದ. ರಾಯರಿಗೆ ಬಹಳ ಹಿಡಿಸಿತು.

ನಮ್ಮ ತೊಡಕು ಬಿಡಿಸಿದ್ದೂ ಒಂದು ರೀತಿಯಲ್ಲಿ ರಾಯರೇ. ಅವರ ಮಾವನವರ ಷಷ್ಟ್ಯಬ್ದಿ ಬಂತು. ಬಾಣಲೆಯಲ್ಲಿ ಹರಳೆಣ್ಣೆ ಕಾಯುತ್ತಿತ್ತು. ಬಸ್ಸಿನ ಹೊತ್ತಾಗುತ್ತಿತ್ತು.

“ಇದೇನ್ರೀ ಮದುವೆ ಮನೆ ಹಾಲಿನ ಥರ ಕಾಯಿಸ್ತಾ ಕೂತಿದೀರಿ! ಸೌದೆ ಒಟ್ರೀ!”

ಒಟ್ಟಿಸಿ ಅವರು ಬಸ್ಸು ಹತ್ತಿದರು. ಉರಿ ಎದ್ದಿತು. ಬಾಣಲೆಯಿಂದ ಮೊದಲು ಬಿಳಿ ಹೊಗೆ, ಆಮೇಲೆ ನೀಲಿ ಹೊಗೆ. ಮೂಗು, ಗಂಟಲು, ಕಣ್ಣು ಎಲ್ಲವೂ ಒಟ್ಟಿಗೆ ಉರಿಯತೊಡಗಿದವು. ಅಂದು ಸಂತೆ ಬೇರೆ. ಗಾಳಿ ಪೇಟೆಯ ಕಡೆಗೇ ಬೀಸುತ್ತಿತ್ತು. ಜಪಾನಿನವರು ವಿಷದ ಹೊಗೆ ಬಿಟ್ಟರೆಂದು ಯಾರೋ ಕೂಗಿದರು. ಬಸವೇಗೌಡ ತರಬೇತಿಯಲ್ಲಿ ಕಲಿಸಿದಂತೆ “ಗ್ಯಾಸು!” ಎಂದು ಕಿರುಚಿ ಚರಂಡಿಯಲ್ಲಿ ಬೋರಲು ಮಲಗಿದ. ಅವನನ್ನು ನೋಡಿ ಸಂತೆಗೆ ಬಂದವರೂ ಸಾಲಾಗಿ ಮಲಗಿದರು. ಅಷ್ಟು ಜನ ಒಟ್ಟಿಗೆ ಅತ್ತದ್ದನ್ನು ಹುಣಸೂರು ಅದಕ್ಕೆ ಮೊದಲು ಕಂಡಿರಲಾರದು. ಪೊಲೀಸಿನವರು ಬಂದರು, ಅವರೂ ಅತ್ತರು. ಖಾದರ್ ಸಾಹೇಬರು ಮಾತ್ರ ಮೂಗಿಗೆ ರುಮಾಲು ಕಟ್ಟಿಕೊಂಡು ಒಲೆಗೆ ಮಣ್ಣು ಸುರಿದು ಆರಿಸಿದರು.

ಮಾರನೆಯ ದಿನ ಬಾಣಲೆಯಲ್ಲಿ ಕಂದು ಬಣ್ಣದ, ಹೊಗೆ ನಾತದ ಎಣ್ಣೆ ಉಳಿದಿತ್ತು. ಚೆಲ್ಲುವ ಮೊದಲು, ಹಟಕ್ಕೋ ಬೇಸರಕ್ಕೋ, ಒಂದಿಷ್ಟನ್ನು ಖನಿಜ ಎಣ್ಣೆಯ ಸೀಸೆಗೆ ಬಿಟ್ಟೆ. ಕಲಕಿದೆ. ಊಟ ಮುಗಿಸಿ ಬಂದೆ. ಸೀಸೆಯಲ್ಲಿ ಮೇಲೆ ಕೆಳಗೆ ಎಂಬುದೇ ಇರಲಿಲ್ಲ. ಎರಡೂ ಒಂದಾಗಿದ್ದವು.

ಅಷ್ಟು ಉರಿಯಲ್ಲಿ ಬೆಂದರೆ ಹರಳೆಣ್ಣೆಯ ಗುಣವೇ ಬದಲಾಗುತ್ತದೆ. ಹೊರದೇಶದ ರಸಾಯನ ತಜ್ಞರಿಗೆ ಇದು ಮೊದಲೇ ಗೊತ್ತಿತ್ತು ಎಂದು ಆಮೇಲೆ ಓದಿ ತಿಳಿದೆ. ನಮಗೆ ಗೊತ್ತಿರಲಿಲ್ಲ, ಆದ್ದರಿಂದ ನಮಗದು ಹೊಸದೇ. ಎಷ್ಟು ಬೇಯಿಸಬೇಕು, ಎಷ್ಟು ಬೆರೆಸಬೇಕು ಎಂದು ಗೊತ್ತುಮಾಡಿಕೊಳ್ಳಲು ಊರ ಹೊರಗೆ ಒಲೆ ಹಾಕಿ ಮಳೆಗಾಲವನ್ನೆಲ್ಲ ಕಳೆದೆ. ಕೊನೆಗೊಂದು ದಿನ ಉಪ್ಪು ಮಂಜುಗಡ್ಡೆಯಿಂದ ತೆಗೆದ ನಳಿಕೆಯನ್ನು ಬಗ್ಗಿಸಿದಾಗ ಎಣ್ಣೆ ಸೋಮಾರಿಯಂತೆ ಒಮ್ಮೆ ಹೊರಳಿ, ನಿಧಾನವಾಗಿ ಹರಿದು ಬಂತು.

ರಾಯರಿಗೆ ತೋರಿಸಿದೆ. ಅವರು ಬೆರಳಲ್ಲಿ ಉಜ್ಜಿ ಮುಖ ಹಿಂಡಿದರು. “ಉರಿ ಹೆಚ್ಚಿಸಿ ಅಂದದ್ದು ನಾನು ಸುಮ್ಮನೆ ಅಂದದ್ದಲ್ಲ ಅಂತ ಈಗ ಗೊತ್ತಾಯ್ತೇ? ಆದ್ರೆ ಇದಕ್ಕೆ ಮೈ ಇಲ್ಲ ಕಣ್ರೀ. ಪರೀಕ್ಷೆ ನೋಡೋಕೆ ಮಿಲಿಟರಿ ಕ್ಯಾಪ್ಟನ್ ಸಾಹೇಬ್ರು ಬರ್ತಾರಲ್ಲ, ಆಗ ಹಿಮಗಿರಿಯನ್ನೇ ತೋರ್ಸೋದು. ಡಬ್ಬ ಬೇರೆ ಆಗಿದೆ.”

ಕ್ಯಾಪ್ಟನ್ ಸಾಹೇಬರು ಬಂದರು. ಬಿಸಿಲಿಗೆ ಬೆಂದು ಕೆಂಪಾಗಿದ್ದ ಇಂಗ್ಲಿಷ್ ಯುವಕ. ನಮ್ಮೂರಿನ ಬಿಸಿಲಿಗಿಂತ ತಾನು ಹುಟ್ಟಿದ ಊರಿನ ಚಳಿಯೇ ವಾಸಿ ಎಂದು ಮುಖದ ಮೇಲೆ ಬರೆದಿತ್ತು. ಗುಂಡಿಯಲ್ಲಿ ಎಂಜಿನ್ ಹಿಂದಿನ ಸಂಜೆಯಿಂದ ಮಂಜುಗಡ್ಡೆ ಉಪ್ಪಿನಲ್ಲಿ ಕೂತಿತ್ತು. ಒಳಗಿದ್ದದ್ದು ಮೆಣಸು ಶುಂಠಿಯ ಹಿಮಗಿರಿ. ರಾಯರು ಹಾರ ತರಿಸಿದ್ದರು, ಎಂಜಿನ್ನಿಗೊಂದು, ಸಾಹೇಬರಿಗೊಂದು. ಖಾದರ್ ಸಾಹೇಬರು ಮಾತ್ರ ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ನಿಂತಿದ್ದರು.

ಕ್ಯಾಪ್ಟನ್ ಸಾಹೇಬರಿಗೆ ಬಸವೇಗೌಡ ಮಾಜಿ ಸೈನಿಕನೆಂದು ತಿಳಿಯಿತು. ಹ್ಯಾಂಡಲ್ ತಿರುಗಿಸುವ ಗೌರವ ಅವನಿಗೇ ಇರಲಿ ಎಂದರು. ಬಸವೇಗೌಡ ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಆಮೇಲೆ ನೆಟ್ಟಗೆದ್ದು ಸೆಲ್ಯೂಟ್ ಹೊಡೆದು ದಂಡಿನ ಹಿಂದೂಸ್ತಾನಿಯಲ್ಲಿ ಕೂಗಿ ಹೇಳಿದ:

“ಸಾಬ್, ನೀಚೆ ಆಗ್ ಹೈ!”

ಕೆಳಗೆ ಬೆಂಕಿಯೇ? ನಾನು ಬಗ್ಗಿ ನೋಡಿದೆ. ತೊಟ್ಟಿಯ ನೇರ ಕೆಳಗೆ, ಹೊಟ್ಟನ್ನು ಸರಿಸಿ, ಒಂದು ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ. ಖಾದರ್ ಸಾಹೇಬರು ನನ್ನ ಕಿವಿಯಲ್ಲಿ, “ರಾಯರ ಹುಕುಂ ಸ್ವಾಮಿ, ನಾನೇನು ಮಾಡ್ಲಿ,” ಎಂದರು.

ಕ್ಯಾಪ್ಟನ್ ಸಾಹೇಬರಿಗೆ ಬಸವೇಗೌಡನ ಮಾತು ಪೂರ್ತಿ ಹಿಡಿಯಲಿಲ್ಲ. ಇದೇನೆಂದು ನನ್ನನ್ನು ಕೇಳಿದರು. ರಾಯರಿಗೆ ಇಂಗ್ಲಿಷು ನನಗಿಂತ ಚೆನ್ನಾಗಿ ಬರುತ್ತಿತ್ತು, ಆದರೆ ಆ ಗಳಿಗೆಯಲ್ಲಿ ಅದು ಪೂರ್ತಿ ಮರೆತುಹೋದ ಹಾಗಿತ್ತು. ನನ್ನ ತೋಳು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದರು: “ಎಂಜಿನ್ ಪೂಜೆಗೆ ಇಟ್ಟ ಸಾಂಬ್ರಾಣಿ ಕೆಂಡ ಅಂತ ಹೇಳ್ರೀ. ನಂಜುಂಡಯ್ಯ, ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರಲಿ.”

ಬಸವೇಗೌಡ ಇನ್ನೂ ಸೆಲ್ಯೂಟಿನಲ್ಲೇ ನಿಂತಿದ್ದ. ಸಾಲಿಗ್ರಾಮದಲ್ಲಿ ನನ್ನ ಸಂಬಳವನ್ನು ನಂಬಿಕೊಂಡು ಮನೆಯಿತ್ತು. ಆದರೂ ಹೇಳಿದೆ, ಎರಡೂ ಹೇಳಿದೆ. ಇದು ಪೂಜೆಯ ಸಾಂಬ್ರಾಣಿಗೆ ಇಟ್ಟ ಕೆಂಡವೆಂದು ಸೂಪರಿಂಟೆಂಡೆಂಟರು ಹೇಳುತ್ತಾರೆ. ಎಣ್ಣೆ ಬಿಸಿಯಾಗಿರಲೆಂದು ಇಟ್ಟ ಕೆಂಡವೆಂದು ನಾನು ಹೇಳುತ್ತೇನೆ. ಬೆಟ್ಟದ ಮೇಲೆ ಇಂಥದೇ ಬೆಂಕಿಯಲ್ಲಿ ಈತನ ಕೈ ಬೆಂದಿತು, ಈತನ ಗೆಳೆಯ ಸತ್ತ.

ಸಾಹೇಬರು ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಬಸವೇಗೌಡನ ಕೈಯನ್ನು ಒಮ್ಮೆ ನೋಡಿದರು. ಕೆಂಡ ತೆಗೆಯಿರಿ, ಮತ್ತೆ ಮಂಜುಗಡ್ಡೆ ತುಂಬಿರಿ, ನಾನು ಕಾಯುತ್ತೇನೆ ಎಂದಷ್ಟೇ ಹೇಳಿದರು.

ಮಧ್ಯಾಹ್ನದವರೆಗೂ ಕಾದರು. ಎಳನೀರು ಕುಡಿದರು. ಖಾದರ್ ಸಾಹೇಬರ ಮನೆಯಿಂದ ಬಂದ ಬಿರಿಯಾನಿ ತಿಂದರು. ಆಮೇಲೆ ಬಸವೇಗೌಡ ಹ್ಯಾಂಡಲ್ಲಿಗೆ ಕೈ ಹಾಕಿದ. ಅದು ಕದಲಲಿಲ್ಲ. ಖಾದರ್ ಸಾಹೇಬರು ಜೊತೆಗೂಡಿದರು, ಕದಲಲಿಲ್ಲ. ಕ್ಯಾಪ್ಟನ್ ಸಾಹೇಬರೇ ಅಂಗಿಯ ತೋಳು ಮಡಿಸಿ ಬಂದು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಾಗ ಬೂಟು ಜಾರಿ ಉಪ್ಪುನೀರಿನ ಗುಂಡಿಯಲ್ಲಿ ಕೂತರು. ಹಿಮಗಿರಿಯನ್ನು ಹೊರಗೆ ಬಸಿಯಲು ತೂತು ಬಿಚ್ಚಿದರೆ ಅದು ಇಳಿಯಲೇ ಇಲ್ಲ. ಖಾದರ್ ಸಾಹೇಬರು ಕಡ್ಡಿಯಿಂದ ಕೆದಕಿ ತೆಗೆದರು. ಗೋದಾಮೆಲ್ಲ ಬಾಣಂತಿ ಕೋಣೆಯ ವಾಸನೆ.

ನಮ್ಮಲ್ಲಿ ಇನ್ನೊಂದು ಎಣ್ಣೆ ಇದೆ ಎಂದೆ. ಅದನ್ನು ಹಾಕಿ ಎಂಜಿನ್ನನ್ನು ಮತ್ತೆ ತಣ್ಣಗೆ ಮಾಡಬೇಕಿತ್ತು. ಕ್ಯಾಪ್ಟನ್ ಸಾಹೇಬರು ಮುಸಾಫಿರಖಾನೆಯಲ್ಲಿ ಉಳಿದುಕೊಂಡರು. ಮಾರನೆಯ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಗುಂಡಿಯ ನಾಲ್ಕೂ ಕಡೆ ಬಗ್ಗಿ ನೋಡಿದರು. ಯಾರೂ ಹಾರ ತಂದಿರಲಿಲ್ಲ.

ಬಸವೇಗೌಡ ಹ್ಯಾಂಡಲ್ ಹಿಡಿದ. ಬಿಗಿಯಾಗಿಯೇ ಇತ್ತು. ಹಲ್ಲು ಕಚ್ಚಿ ಎಳೆದ. ಅದು ಅರ್ಧ ಸುತ್ತು ಬಂತು. ಮತ್ತೆ ಎಳೆದ, ಪೂರ್ತಿ ಬಂತು. ಇನ್ನೊಮ್ಮೆ ಎಳೆದಾಗ ಎಂಜಿನ್ ಕೆಮ್ಮಿತು, ಸೀನಿತು, ಗೋದಾಮಿನ ತೊಲೆಗಳಿಂದ ಪಾರಿವಾಳಗಳು ಎದ್ದವು, ಆಮೇಲೆ ಹಿಡಿದುಕೊಂಡಿತು. “ಚಾಲೂ! ಚಾಲೂ ಹೋಗಯಾ!” ಎಂದು ಖಾದರ್ ಸಾಹೇಬರು ರುಮಾಲು ಹಾರಿಸಿದರು. ಅದು ನಿಲ್ಲದೆ ಓಡಿತು. ಬೇರಿಂಗು ಬಡಿಯಲಿಲ್ಲ. ಬಸವೇಗೌಡ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ತೊಟ್ಟಿಯ ಕೆಳಗನ್ನೇ ನೋಡುತ್ತಿದ್ದ.

ರಾಯರು ಕಲ್ಲುಸಕ್ಕರೆ ಹಂಚಿದರು. ‘ನಮ್ಮ ಎಣ್ಣೆ’ ಎಂದರು. ಡಬ್ಬ ಹಾಳಾಗಬಾರದೆಂದು ಹೊಸ ಎಣ್ಣೆಯನ್ನೂ ತೆಂಗಿನಮರದ ಹಿಮಗಿರಿಯಲ್ಲೇ ತುಂಬಿಸಿದರು. ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಎಣ್ಣೆಗೆ ಮೆಚ್ಚುಗೆ ಬಂದು, ಅದು ತಮ್ಮ ಹೆಸರಿಗೇ ಬಂದ ಮೇಲೆ, ಒಂದು ದಿನ ತಾವೇ ಕರೆದು ಲವಂಗ ಕೊಟ್ಟರು. ನನ್ನ ಕೆಲಸ ಖಾಯಮಾಯಿತು. ಕೆಂಡದ ಮಾತು ನಮ್ಮಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

ನಮ್ಮ ಮೊದಲ ದೊಡ್ಡ ಸರಕು ಚಳಿಯ ಬೆಟ್ಟಕ್ಕೆ ಹೋಗಲಿಲ್ಲ. ಎಲ್ಲಿ ಯಾರು ತಪ್ಪು ಹಾದಿಗೆ ಹಚ್ಚಿದರೋ, ಬರ್ಮಾ ಗಡಿಯ ಕಾಡಿಗೆ ಹೋಯಿತು. ಎಣ್ಣೆ ತೀರಾ ತೆಳು, ಸೆಕೆಗೆ ನಿಲ್ಲುತ್ತಿಲ್ಲ ಎಂದು ದೂರು ಬಂತು. ಆಮೇಲಿನ ಡಬ್ಬಗಳು ಉತ್ತರಕ್ಕೆ ಹೋದವೆಂದು ಹೇಳಿದರು. ಹೋದವೋ ಇಲ್ಲವೋ ನಮಗೆ ತಿಳಿಸಿದವರಿಲ್ಲ. ಯುದ್ಧ ಮುಗಿಯಿತು, ನಮ್ಮ ಗೋದಾಮಿಗೆ ಮತ್ತೆ ತಂಬಾಕು ತುಂಬಿದರು. ಬಸವೇಗೌಡ ಸರಗೂರಿನ ಬಸ್ಸಿಗೆ ಡ್ರೈವರಾದ.

ಒಂದು ದಿನ ಅವನು ನನ್ನ ಮನೆಗೆ ಬಂದ. ಮಾದಯ್ಯನ ಊರಿಗೆ ಹೋಗಬೇಕು, ಒಬ್ಬನೇ ಹೋಗಲಾರೆ ಎಂದ. ಹೋದೆವು. ಮಾದಯ್ಯನ ತಾಯಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಬಸವೇಗೌಡ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿದ. ಸುಬೇದಾರರ ಕಥೆಗಳ ಬಸವೇಗೌಡನೇ ಇವನು ಎಂದು ನಂಬುವ ಹಾಗಿರಲಿಲ್ಲ. ಆಕೆ ಮೊರ ಕೆಳಗಿಟ್ಟು, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ಸವರುತ್ತ ಕೂತಳು. “ನೀನಾದ್ರೂ ಬಂದ್ಯಲ್ಲ ಮಗ,” ಎಂದಳು. ಉಂಡುಹೋಗಿ ಎಂದು ಬಲವಂತ ಮಾಡಿದಳು. ಉಂಡೆವು.

ವಾಪಸು ಬರುವಾಗ ಪಿರಿಯಾಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಕಾಫಿ ಹೋಟೆಲಿನ ಬೆಂಚಿನಲ್ಲಿ ಖಾಕಿ ಷರಟಿನ ಒಬ್ಬ ಹುಡುಗ ಕೂತಿದ್ದ. ಮಿಲಿಟರಿ ಲಾರಿ ಓಡಿಸುತ್ತಿದ್ದನಂತೆ, ಯುದ್ಧದ ಕೊನೆಯ ಚಳಿಗಾಲವನ್ನೆಲ್ಲ ಗಡಿಯ ಬೆಟ್ಟದಲ್ಲಿ ಕಳೆದನಂತೆ. ನನಗೆ ತಡೆಯಲಾಗಲಿಲ್ಲ.

“ಲಾರಿಗೆ ಯಾವ ಎಣ್ಣೆ ಹಾಕ್ತಿದ್ರಪ್ಪ?”

“ಯಾವ್ದೋ ಡಬ್ಬ ಕೊಡೋರು, ಉಯ್ಯೋದು. ಯಾವ್ದಾದ್ರೇನು ಸ್ವಾಮಿ?”

“ಬೆಳಿಗ್ಗೆ ಲಾರಿ ಶುರು ಆಗ್ತಿತ್ತಾ?”

“ಆಗ್ದೆ ಇನ್ನೇನು. ಸ್ವಲ್ಪ ಬಿಗಿ. ಎರಡು ಸಲ ಸುತ್ತುದ್ರೆ ಒಂಟೋಗದು.”

“ಕೆಳಗೆ ಬೆಂಕಿ ಹಾಕ್ತಿದ್ರಾ?”

ಹುಡುಗ ಕಾಫಿ ಲೋಟವನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಲಾರಿ ಅಡೀಗಾ? ಬೆಂಕಿಯಾ? ಪೆಟ್ರೋಲ್ ಗಾಡಿ ಅಡೀಗೆ ಯಾರಾದ್ರೂ ಬೆಂಕಿ ಅಚ್ತಾರಾ ಸ್ವಾಮಿ?”

ಅವನ ಲಾರಿಯಲ್ಲಿದ್ದದ್ದು ನಮ್ಮ ಎಣ್ಣೆಯೋ ಬೇರೆ ಯಾರದೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಸವೇಗೌಡನ ಕಡೆ ನೋಡಿದೆ. ಅವನು ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದ. ಹುಡುಗನನ್ನೇ ನೋಡುತ್ತ, ಮೆಲ್ಲಗೆ ನಕ್ಕ.

“ಯಾರೂ ಅಚ್ಚಾಕಿಲ್ಲ ಕಣಪ್ಪ. ನಮ್ ಸ್ವಾಮಿಯೋರು ಸುಮ್ಕೆ ಕೇಳುದ್ರು.” ಆಮೇಲೆ ನನ್ನ ಕಡೆ ತಿರುಗಿ, “ಏಳಿ ಬುದ್ಧಿ, ಬಸ್ ಬಂತು,” ಎಂದ.